ವೈದ್ಯಕೀಯ ನಿರ್ಲಕ್ಷ್ಯದ ಕಾನೂನು ಮತ್ತು ಆಸ್ಪತ್ರೆಯ ಬಿಲ್ಲು



ತಲೆನೋವೆಂದು ಆಸ್ಪತ್ರೆಗೆ ಹೋದವರಿಗೆ ಸಿ.ಟಿ. ಸ್ಕ್ಯಾನ್ ಬರೆದುಕೊಟ್ಟಾಗ, ಅದರ ಅಗತ್ಯವೇನೆಂದು ವಿನಯದಿಂದಲೇ ಕೇಳಿದರೂ ಹಲವೆಡೆ ದೊರೆಯುವ ಉತ್ತರ ಒಂದೇ ಬಗೆಯದು: "ನಾಳೆ ಏನಾದರೂ ಆದರೆ ಕೇಸು ಹಾಕುವವರು ನೀವೇ ಅಲ್ಲವೇ?" ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ನೆಲಸಿರುವ ಕನ್ನಡ ಜೈನ ಕುಟುಂಬಗಳಿಗೆ ಈ ಮಾತು ಅಪರಿಚಿತವಲ್ಲ. ಸೂರತ್ತಿನ ಹಜೀರಾ ಕಾರ್ಖಾನೆಗಳಲ್ಲಿ, ವಡೋದರಾದ ತೈಲ ಶುದ್ಧೀಕರಣ ಘಟಕದಲ್ಲಿ ದುಡಿಯುವವರಿಗೆ ಸಂಸ್ಥೆಯ ವೈದ್ಯಕೀಯ ಸೌಲಭ್ಯವಿದೆ. ಸ್ವಂತ ವ್ಯಾಪಾರ ನಡೆಸುವವರಿಗೆ, ಊರಿನಿಂದ ಬಂದು ಮಗನ ಮನೆಯಲ್ಲಿರುವ ವೃದ್ಧ ತಂದೆತಾಯಿಗಳಿಗೆ ಅನೇಕ ವೇಳೆ ಅದೂ ಇಲ್ಲ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ 2013–14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ. 64.2 ಭಾಗವನ್ನು ಕುಟುಂಬಗಳು ನೇರವಾಗಿ ತಮ್ಮ ಕೈಯಿಂದ ಭರಿಸುತ್ತಿದ್ದವು. 2021–22ರಲ್ಲಿ ಅದು ಶೇ. 39.4ಕ್ಕೆ ಇಳಿಯಿತು. ಇಳಿದರೂ ನೂರಕ್ಕೆ ಸುಮಾರು ನಲವತ್ತು ರೂಪಾಯಿ ಸಣ್ಣ ಮೊತ್ತವಲ್ಲ. ಆದುದರಿಂದ ವೈದ್ಯರ ಆ ಮರುಪ್ರಶ್ನೆಯನ್ನು ಕೋಪದಿಂದಲ್ಲ, ಲೆಕ್ಕದಿಂದ ಪರೀಕ್ಷಿಸಬೇಕಾಗಿದೆ. ನಿರ್ಲಕ್ಷ್ಯದ ಕಾನೂನು ನಿಜವಾಗಿಯೂ ಬಿಲ್ಲನ್ನು ಏರಿಸುತ್ತಿದೆಯೇ? ಏರಿಸುತ್ತಿದ್ದರೆ ಎಷ್ಟು, ಯಾವ ದಾರಿಯಿಂದ?

ಗ್ರಾಹಕ ಹಕ್ಕಿನ ಮಾತು ಅಹಮದಾಬಾದಿಗೆ ಹಳೆಯದು. ಮನುಭಾಯಿ ಶಾ ಅವರು ಆ ನಗರದಲ್ಲಿ 1978ರಲ್ಲಿ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದಾಗ ದೇಶದಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆಯೇ ಇರಲಿಲ್ಲ. ಕಾಯಿದೆ ಬಂದುದು 1986ರಲ್ಲಿ. ವೈದ್ಯರ ಸೇವೆ ಅದರ ವ್ಯಾಪ್ತಿಗೆ ಸೇರುತ್ತದೆಯೇ ಎಂಬ ವಿವಾದವನ್ನು ಸುಪ್ರೀಂ ಕೋರ್ಟ್ 1995ರ ನವೆಂಬರ್ 13ರಂದು, ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ಪ್ರಕರಣದಲ್ಲಿ ಮುಗಿಸಿತು. ಹಣ ಪಡೆದು ನೀಡುವ ಚಿಕಿತ್ಸೆ ಸೇವೆಯೇ. ಆ ಹಣವನ್ನು ರೋಗಿಯ ಬದಲು ವಿಮಾ ಕಂಪನಿಯೋ ಉದ್ಯೋಗ ನೀಡಿದ ಸಂಸ್ಥೆಯೋ ಕೊಟ್ಟರೂ ಅದು ಸೇವೆಯೇ. ಎಲ್ಲರಿಗೂ ಉಚಿತವಾಗಿ ನೀಡುವ ಚಿಕಿತ್ಸೆ ಮಾತ್ರ ಈ ಕಾಯಿದೆಯ ಹೊರಗೆ. ಕೆಲವರಿಂದ ಹಣ ಪಡೆದು ಬಡವರಿಗೆ ಉಚಿತವಾಗಿ ನೀಡುವ ಆಸ್ಪತ್ರೆಯಲ್ಲಿ ಆ ಬಡವರೂ ಗ್ರಾಹಕರೇ. ಧರ್ಮಾರ್ಥ ಆಸ್ಪತ್ರೆಗಳನ್ನು ನಡೆಸುವ ಸಮಾಜಕ್ಕೆ ಈ ಕೊನೆಯ ಅಂಶ ಮುಖ್ಯವಾದುದು. ಅದರ ವಿಚಾರ ಮುಂದೆ ಬರುತ್ತದೆ.

2019ರ ಹೊಸ ಕಾಯಿದೆಯ ಸಂದರ್ಭದಲ್ಲಿ ಒಂದು ರಾಜಕೀಯ ಪ್ರಸಂಗ ನಡೆಯಿತು. ಮಸೂದೆಯ ಮೂಲಪಾಠದಲ್ಲಿ ಸೇವೆಗಳ ಪಟ್ಟಿಯೊಳಗೆ ಆರೋಗ್ಯವೆಂಬ ಪದವಿತ್ತು. ಅಂಗೀಕಾರದ ಹೊತ್ತಿಗೆ ಅದು ಮಾಯವಾಗಿತ್ತು. ಪದ ಹೋದ ಮೇಲೆ ಹೊಣೆಯೂ ಹೋಯಿತೆಂದು ವೈದ್ಯರ ಒಂದು ಸಂಘ ವಾದಿಸಿತು. ಬೊಂಬಾಯಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ. ಸಂಸತ್ತಿನಲ್ಲಿ ಸ್ಪಷ್ಟವಾಗಿ ಹೇಳಲು ಧೈರ್ಯವಿಲ್ಲದುದನ್ನು ಒಂದು ಪದ ಅಳಿಸಿ ಸಾಧಿಸಲು ಹೊರಟಂತೆ ಕಂಡದ್ದು ಸುಳ್ಳಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಆಸ್ಪತ್ರೆಯೊಂದರ ಆದಾಯ–ವೆಚ್ಚ ಪಟ್ಟಿಯನ್ನು ತೆರೆದರೆ ಈ ಕಾನೂನಿನ ನೇರ ಖರ್ಚು ಕಾಣುವುದು ವೃತ್ತಿ ಹೊಣೆಯ ವಿಮೆಯಲ್ಲಿ, ಅಂದರೆ ವೈದ್ಯರು ಇಂಡೆಮ್ನಿಟಿ ಪಾಲಿಸಿ ಎನ್ನುವುದರ ಕಂತಿನಲ್ಲಿ, ವಕೀಲರ ಶುಲ್ಕದಲ್ಲಿ, ದಾಖಲೆಗಳನ್ನು ಕಾಯ್ದಿಡುವ ಸಿಬ್ಬಂದಿಯ ಸಂಬಳದಲ್ಲಿ, ಅಪರೂಪಕ್ಕೆ, ಕೊಡಬೇಕಾಗಿ ಬಂದ ಪರಿಹಾರದಲ್ಲಿ. ವಿಮೆಯ ಕಂತಿನ ಮೇಲೆ ಶೇ. 18 ಜಿ.ಎಸ್.ಟಿ. ಇದೆ. ಚಿಕಿತ್ಸೆಗೆ ಸಾಮಾನ್ಯವಾಗಿ ಜಿ.ಎಸ್.ಟಿ. ವಿನಾಯಿತಿ ಇರುವುದರಿಂದ, ಆಸ್ಪತ್ರೆ ತಾನು ಕೊಟ್ಟ ಆ ತೆರಿಗೆಯನ್ನು ಬೇರೆ ವ್ಯಾಪಾರಿಗಳಂತೆ ಹಿಂದಕ್ಕೆ ಹೊಂದಿಸಿಕೊಳ್ಳಲಾರದು. ಅದು ಬಿಲ್ಲಿನೊಳಗೇ ಇಳಿಯುತ್ತದೆ. ವಿನಾಯಿತಿ ಎಂದು ಹೆಸರಿದ್ದರೂ ತೆರಿಗೆಯ ಒಂದು ಪಾಲನ್ನು ರೋಗಿಯೇ ಹೊರುತ್ತಾನೆ ಎಂಬುದನ್ನು ಬಜೆಟ್ ಭಾಷಣಗಳು ಹೇಳುವುದಿಲ್ಲ.

ಆದರೂ ಮೊತ್ತವೆಷ್ಟು? ಲೆಕ್ಕದ ಅನುಕೂಲಕ್ಕಾಗಿ ಒಂದು ಸಣ್ಣ ನರ್ಸಿಂಗ್ ಹೋಮ್ ವರ್ಷಕ್ಕೆ 1 ಲಕ್ಷ ರೂಪಾಯಿ ಕಂತು ಕಟ್ಟುತ್ತದೆ, 2,000 ಒಳರೋಗಿಗಳನ್ನು ನೋಡುತ್ತದೆ ಎಂದಿಟ್ಟುಕೊಳ್ಳಿ. ತೆರಿಗೆ ಸೇರಿ 1,18,000. ತಲೆಗೆ 59 ರೂಪಾಯಿ. ಕಂತನ್ನು ಐದು ಪಟ್ಟು ಮಾಡಿದರೂ ತಲೆಗೆ ಮುನ್ನೂರು ದಾಟುವುದಿಲ್ಲ. ಆಸ್ಪತ್ರೆಯ ಬಿಲ್ಲನ್ನು ಲಕ್ಷದ ಅಂಕಿಗೆ ಏರಿಸುವ ಶಕ್ತಿ ಈ ಬಾಬತ್ತಿಗೆ ಇಲ್ಲ.

ಹಾಗಾದರೆ ಭಯದಿಂದ ಬರೆಯುವ ಪರೀಕ್ಷೆಗಳ ವಿಷಯವೇನು? ರೋಗಿಗಾಗಿ ಅಲ್ಲದೆ ಕಡತಕ್ಕಾಗಿ ಮಾಡಿಸುವ ರಕ್ತಪರೀಕ್ಷೆ, ಸ್ಕ್ಯಾನ್, ಒಂದು ದಿನದ ಹೆಚ್ಚುವರಿ ವಾಸ — ಇವು ನಿಜ. ಅಮೆರಿಕದಲ್ಲಿ ಇದನ್ನು ಬಹಳ ಕಾಲದಿಂದ ಅಳೆದಿದ್ದಾರೆ. ಕೆಸ್ಲರ್ ಮತ್ತು ಮೆಕ್ಲೆಲನ್ ಎಂಬ ಅರ್ಥಶಾಸ್ತ್ರಜ್ಞರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಹಾರಕ್ಕೆ ಮಿತಿ ಹಾಕಿದ ರಾಜ್ಯಗಳಲ್ಲಿ ವೃದ್ಧ ಹೃದ್ರೋಗಿಗಳ ಆಸ್ಪತ್ರೆ ವೆಚ್ಚ ಶೇ. 5ರಿಂದ 9ರಷ್ಟು ಕಡಿಮೆಯಾದುದನ್ನು ಕಂಡರು. ಅದು ವೈದ್ಯರ ವಾದಕ್ಕೆ ಬಲ ಕೊಟ್ಟ ಅಂಕಿ. ಆದರೆ ಇಡೀ ವ್ಯವಸ್ಥೆಯನ್ನು ನೋಡಿದಾಗ ಚಿತ್ರ ಕುಗ್ಗುತ್ತದೆ. ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿ 2009ರಲ್ಲಿ ಕೊಟ್ಟ ಅಂದಾಜಿನಂತೆ, ದೇಶದಾದ್ಯಂತ ಇಂಥ ಮಿತಿಗಳನ್ನು ಹಾಕಿದರೂ ಒಟ್ಟು ಆರೋಗ್ಯ ವೆಚ್ಚ ಇಳಿಯುವುದು ಸುಮಾರು ಶೇ. 0.5ರಷ್ಟು. ಮರುವರ್ಷ ಹಾರ್ವರ್ಡಿನ ಸಂಶೋಧಕರು ನಿರ್ಲಕ್ಷ್ಯ ಕಾನೂನಿನ ಎಲ್ಲ ಖರ್ಚನ್ನೂ ಭಯದ ಪರೀಕ್ಷೆಗಳೊಂದಿಗೆ ಕೂಡಿಸಿದಾಗ ಬಂದುದು ಶೇ. 2.4. ವಕೀಲರ ದೇಶವೆಂದು ಹೆಸರಾದ ಅಮೆರಿಕದಲ್ಲೇ ಪ್ರಮಾಣ ಇಷ್ಟು. ಭಾರತದಲ್ಲಿ ಪರಿಹಾರದ ಮೊತ್ತಗಳೂ ಮೊಕದ್ದಮೆಗಳೂ ಅದಕ್ಕಿಂತ ಎಷ್ಟೋ ಕಡಿಮೆಯಿರುವಾಗ, ಬಿಲ್ಲಿನ ಭಾರವನ್ನೆಲ್ಲ ಕಾನೂನಿನ ತಲೆಗೆ ಕಟ್ಟುವುದು ಲೆಕ್ಕಕ್ಕೆ ಒಗ್ಗದ ಮಾತು.

ಇಲ್ಲಿ ಒಂದು ಸೂಕ್ಷ್ಮವಿದೆ. ವಿಮೆಯ ಕಂತು ಆಸ್ಪತ್ರೆಯ ಖರ್ಚಿನ ಬದಿಯಲ್ಲಿ ನಿಲ್ಲುತ್ತದೆ. ಭಯದಿಂದ ಬರೆದ ಸ್ಕ್ಯಾನ್ ನಿಲ್ಲುವುದು ಆದಾಯದ ಬದಿಯಲ್ಲಿ. ಬಾಬತ್ತಿಗೊಂದು ದರ ಹಾಕಿ ಬಿಲ್ಲು ಮಾಡುವ ಆಸ್ಪತ್ರೆಗೆ ಹೆಚ್ಚುವರಿ ಪರೀಕ್ಷೆ ನಷ್ಟವಲ್ಲ, ಲಾಭ. ಭಯದ ಪರೀಕ್ಷೆ ಯಾವುದು, ಲಾಭದ ಪರೀಕ್ಷೆ ಯಾವುದು ಎಂದು ಬಿಲ್ಲು ನೋಡಿ ಹೇಳಲು ಯಾವ ಲೆಕ್ಕಪರಿಶೋಧಕನಿಂದಲೂ ಆಗದು. ಆದರೆ ಬೇರೊಂದು ಒರೆಗಲ್ಲಿದೆ. ಅದೇ ಆಸ್ಪತ್ರೆಯಲ್ಲಿ ಅದೇ ಕಾಯಿಲೆಗೆ ಇಬ್ಬರು ದಾಖಲಾಗಿದ್ದಾರೆ. ಒಬ್ಬರು ನಗದು ಕೊಡುವವರು, ಇನ್ನೊಬ್ಬರು ಆಯುಷ್ಮಾನ್ ಕಾರ್ಡಿನವರು. ಕಾರ್ಡಿನವರಿಗೆ ಸರ್ಕಾರ ಕೊಡುವುದು ಕಾಯಿಲೆಗೊಂದು ನಿಗದಿತ ಪ್ಯಾಕೇಜ್ ಮೊತ್ತ. ಅವರಿಗೆ ಹೆಚ್ಚುವರಿ ಪರೀಕ್ಷೆ ಮಾಡಿದರೆ ಹಣ ಆಸ್ಪತ್ರೆಯ ಕೈಯಿಂದಲೇ ಹೋಗುತ್ತದೆ. ಕೇಸಿನ ಭಯ ಇಬ್ಬರ ವಿಷಯದಲ್ಲೂ ಒಂದೇ. ನಗದಿನವರಿಗೆ ಮಾತ್ರ ಐದು ಪರೀಕ್ಷೆ ಬರೆದಿದ್ದರೆ, ಆ ಐದರ ಮೂಲವನ್ನು ಕಾನೂನಿನ ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ.

ಹೆರಿಗೆಯ ಅಂಕಿಗಳೂ ಇದೇ ದಿಕ್ಕಿಗೆ ಬೆರಳು ತೋರಿಸುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಖಾಸಗಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಹೆರಿಗೆಗಳ ಪ್ರಮಾಣ 2015–16ರಲ್ಲಿ ಶೇ. 40.9 ಇದ್ದುದು 2019–21ರಲ್ಲಿ ಶೇ. 47.4ಕ್ಕೆ ಏರಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಶೇ. 14.3. ಖಾಸಗಿಗೆ ಹೋಗುವ ತಾಯಂದಿರ ವಯಸ್ಸು, ಆರೋಗ್ಯ, ಅನುಕೂಲ ಬೇರೆಯಿರಬಹುದು. ಉಚಿತ ಸರ್ಕಾರಿ ಆಸ್ಪತ್ರೆ ಗ್ರಾಹಕ ಕಾಯಿದೆಯ ಹೊರಗಿದೆ ಎಂಬ ಆಕ್ಷೇಪವೂ ನ್ಯಾಯವಾದುದೇ. ಆದರೆ ಆ ನಾಲ್ಕೈದು ವರ್ಷಗಳಲ್ಲಿ ಖಾಸಗಿ ವೈದ್ಯರ ಹೊಣೆಯ ತತ್ತ್ವ 1995ರಲ್ಲಿ ಇದ್ದಲ್ಲೇ ಇತ್ತು. ಬದಲಾಗದ ಕಾನೂನು ಬದಲಾದ ಪ್ರಮಾಣಕ್ಕೆ ಕಾರಣವಾಗುವುದು ಹೇಗೆ?

ಪ್ಯಾಕೇಜ್ ಪದ್ಧತಿಯೇ ಪರಿಹಾರವೆಂದು ಇದರ ಅರ್ಥವಲ್ಲ. ಗುಜರಾತಿನಲ್ಲಿ 2012ರಲ್ಲಿ ಮುಖ್ಯಮಂತ್ರಿ ಅಮೃತಂ ಯೋಜನೆಯಾಗಿ ಆರಂಭಗೊಂಡು ಮುಂದೆ ಕೇಂದ್ರದ ಯೋಜನೆಯೊಂದಿಗೆ ಕೂಡಿದ ವಿಮೆಯ ಮಿತಿಯನ್ನು 2023ರ ಜುಲೈಯಲ್ಲಿ ಕುಟುಂಬಕ್ಕೆ 5 ಲಕ್ಷದಿಂದ 10 ಲಕ್ಷಕ್ಕೆ ಏರಿಸಲಾಯಿತು. ಅದಾದ ಮರುವರ್ಷದ ನವೆಂಬರಿನಲ್ಲಿ ಅಹಮದಾಬಾದಿನ ಖ್ಯಾತಿ ಆಸ್ಪತ್ರೆಯವರು ಮೆಹಸಾಣಾ ಜಿಲ್ಲೆಯ ಕಡಿ ತಾಲೂಕಿನ ಬೋರಿಸಣಾ ಗ್ರಾಮದಲ್ಲಿ ಉಚಿತ ತಪಾಸಣಾ ಶಿಬಿರ ನಡೆಸಿದರು. ಹತ್ತೊಂಬತ್ತು ಗ್ರಾಮಸ್ಥರನ್ನು ನಗರಕ್ಕೆ ಕರೆತಂದು ಆಂಜಿಯೋಗ್ರಫಿ ಮಾಡಲಾಯಿತು. ಏಳು ಮಂದಿಗೆ ಆಂಜಿಯೋಪ್ಲಾಸ್ಟಿ ನಡೆಯಿತು. ಅವರಲ್ಲಿ ಇಬ್ಬರು ತೀರಿಕೊಂಡರು. ಆ ಚಿಕಿತ್ಸೆಗಳ ಅಗತ್ಯವೇ ತನಿಖೆಗೆ ಒಳಗಾಗಿ ಬಂಧನಗಳಾದವು; ತಪ್ಪು ಯಾರದೆಂಬುದನ್ನು ತೀರ್ಮಾನಿಸಬೇಕಾದುದು ನ್ಯಾಯಾಲಯ. ಇಲ್ಲಿ ಗಮನಿಸಬೇಕಾದುದು ಅದರ ನಂತರದ ಸಂಗತಿ: ಹೃದಯ ಚಿಕಿತ್ಸೆಯ ಹಣ ಬೇಡುವ ಆಸ್ಪತ್ರೆಗಳು ಆಂಜಿಯೋಗ್ರಫಿ, ಆಂಜಿಯೋಪ್ಲಾಸ್ಟಿಗಳ ವಿಡಿಯೊ ದಾಖಲೆ ಒಪ್ಪಿಸಬೇಕೆಂಬ ನಿಯಮವನ್ನು ರಾಜ್ಯ ಸರ್ಕಾರ ಅದೇ ಡಿಸೆಂಬರಿನಲ್ಲಿ ತಂದಿತು. ದಾಖಲೆಗೂ ಖರ್ಚಿದೆ. ಆದರೆ ಅದು ಭಯದ ಖರ್ಚಲ್ಲ, ಸಾಕ್ಷ್ಯದ ಖರ್ಚು. ಪ್ರಾಮಾಣಿಕ ವೈದ್ಯನಿಗೆ ಅದು ಶತ್ರುವಲ್ಲ.

ವೈದ್ಯರ ಕಡೆಯ ನ್ಯಾಯವನ್ನೂ ಹೇಳದೆ ಹೋದರೆ ಮಾತು ಅಪೂರ್ಣ. ಅವರ ನಿಜವಾದ ಭಯ ಪರಿಹಾರದ ಮೊತ್ತವಲ್ಲ, ಪೊಲೀಸ್ ಠಾಣೆ. 2022ರ ಮಾರ್ಚಿನಲ್ಲಿ ನೆರೆಯ ರಾಜಸ್ಥಾನದ ಲಾಲ್‌ಸೋಟಿನಲ್ಲಿ, ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಿಯೊಬ್ಬಳು ತೀರಿಕೊಂಡಾಗ, ವೈದ್ಯೆಯ ಮೇಲೆ ಪ್ರಕರಣ ದಾಖಲಾಯಿತು. ಆ ವೈದ್ಯೆ ಆತ್ಮಹತ್ಯೆ ಮಾಡಿಕೊಂಡರು. ವೈದ್ಯರ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ಸಾಮಾನ್ಯ ಲೋಪ ಸಾಲದು, ಘೋರ ನಿರ್ಲಕ್ಷ್ಯ ಬೇಕು. ತನಿಖಾಧಿಕಾರಿ ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದೆ. ಹದಿನೇಳು ವರ್ಷಗಳ ನಂತರವೂ ಅದು ಠಾಣೆಯ ಮಟ್ಟಕ್ಕೆ ಇಳಿದಿರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಲ್ಲಿ, ನಿರ್ಲಕ್ಷ್ಯದಿಂದಾದ ಸಾವಿಗೆ ಇತರರಿಗೆ ಐದು ವರ್ಷದವರೆಗೆ, ವೈದ್ಯರಿಗೆ ಎರಡು ವರ್ಷದವರೆಗೆ ಶಿಕ್ಷೆಯಿದೆ. ಇದನ್ನು ವೈದ್ಯರಿಗೆ ಕೊಟ್ಟ ದೊಡ್ಡ ರಿಯಾಯಿತಿ ಎಂದು ಸಾರಲಾಯಿತು. ಹಳೆಯ ದಂಡ ಸಂಹಿತೆಯಲ್ಲೂ ಗರಿಷ್ಠ ಶಿಕ್ಷೆ ಎರಡೇ ವರ್ಷವಿತ್ತು. ಇದ್ದುದನ್ನೇ ಕೊಟ್ಟು ಕೊಡುಗೆ ಎನ್ನುವುದು ರಾಜಕಾರಣದ ಹಳೆಯ ಕಲೆ.

ಬಿಲ್ಲು ಏರುವ ನಿಜವಾದ ದಾರಿ ಇಲ್ಲಿಯೇ ತೆರೆಯುತ್ತದೆ. ಅಹಮದಾಬಾದ್, ವಡೋದರಾ, ಸೂರತ್ತುಗಳಲ್ಲಿ ಮಧ್ಯಮ ವರ್ಗಕ್ಕೆ ಆಸರೆಯಾದುದು ವಾಣಿಜ್ಯ ಸಂಕೀರ್ಣಗಳ ಮೊದಲ, ಎರಡನೆಯ ಮಹಡಿಗಳಲ್ಲಿ ಗಂಡ–ಹೆಂಡತಿ ವೈದ್ಯರು ನಡೆಸುವ ಹತ್ತು–ಹದಿನೈದು ಹಾಸಿಗೆಯ ನರ್ಸಿಂಗ್ ಹೋಮ್. 2019ರ ಮೇ 24ರಂದು ಸೂರತ್ತಿನ ತಕ್ಷಶಿಲಾ ಸಂಕೀರ್ಣದ ಕೋಚಿಂಗ್ ತರಗತಿಯಲ್ಲಿ ಬೆಂಕಿ ಬಿದ್ದು 22 ವಿದ್ಯಾರ್ಥಿಗಳು ಸತ್ತರು. 2020ರ ಆಗಸ್ಟ್ 6ರಂದು ಅಹಮದಾಬಾದಿನ ನವರಂಗಪುರದ ಶ್ರೇಯ್ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಎಂಟು ಕೋವಿಡ್ ರೋಗಿಗಳು ಬೆಂಕಿಗೆ ಬಲಿಯಾದರು. ನಿಯಮ ಬಿಗಿಯಾಗಲೇಬೇಕಿತ್ತು. ಆದರೆ ತೀವ್ರ ನಿಗಾ ಘಟಕ ನೆಲಮಹಡಿಯಲ್ಲೇ ಇರಬೇಕೆಂಬ ನೋಟೀಸುಗಳು ಬಂದಾಗ, 2022ರ ಜುಲೈಯಲ್ಲಿ ಖಾಸಗಿ ವೈದ್ಯರು ಒಂದು ದಿನ ಮುಷ್ಕರ ಹೂಡಿದರು. ಜನರ ಓಡಾಟದ ನಡುವೆ ನಿಗಾ ಘಟಕವಿಟ್ಟರೆ ಸೋಂಕು ಹೆಚ್ಚುತ್ತದೆ ಎಂಬುದು ಅವರ ವಾದ. ದೊಡ್ಡ ಆಸ್ಪತ್ರೆ ಇಂಥ ಖರ್ಚನ್ನು ಮುನ್ನೂರು ಹಾಸಿಗೆಗಳ ಮೇಲೆ ಹಂಚುತ್ತದೆ. ಹನ್ನೆರಡು ಹಾಸಿಗೆಯವನು ಯಾರ ಮೇಲೆ ಹಂಚಬೇಕು? ನಿಯಮದ ಖರ್ಚು, ಠಾಣೆಯ ಭಯ, ದಶಕ ದಾಟುವ ಮೊಕದ್ದಮೆ ಮೂರೂ ಕೂಡಿದಾಗ ಅವನಿಗೆ ಸುಲಭವಾದ ದಾರಿ ಒಂದೇ: ಸ್ವಲ್ಪ ಜಟಿಲವೆನಿಸಿದ ರೋಗಿಯನ್ನು ಆರಂಭದಲ್ಲೇ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು. ಮನೆಯ ಹತ್ತಿರ ಮುಗಿಯಬಹುದಾಗಿದ್ದ ಚಿಕಿತ್ಸೆ ಹಲವು ಪಟ್ಟು ದರದ ಸ್ಥಳಕ್ಕೆ ಹೋಗುತ್ತದೆ. ಈ ವ್ಯತ್ಯಾಸ ಯಾವ ಆಸ್ಪತ್ರೆಯ ಲೆಕ್ಕದಲ್ಲೂ ಕಾನೂನಿನ ಖರ್ಚೆಂದು ದಾಖಲಾಗುವುದಿಲ್ಲ. ಕುಟುಂಬದ ಲೆಕ್ಕದಲ್ಲಿ ಮಾತ್ರ ಕಾಣುತ್ತದೆ.

ಮೊಕದ್ದಮೆಯ ದೀರ್ಘತೆಯ ಬಗ್ಗೆ ಎರಡು ಉದಾಹರಣೆ ಸಾಕು. ಕೋಲ್ಕತ್ತದಲ್ಲಿ 1998ರಲ್ಲಿ ಚಿಕಿತ್ಸೆ ಪಡೆದು ಮೃತರಾದ ಅನುರಾಧಾ ಸಾಹಾ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5.96 ಕೋಟಿ ರೂಪಾಯಿ ಪರಿಹಾರ ವಿಧಿಸಿದ್ದು 2013ರಲ್ಲಿ, ಶೇ. 6ರ ಬಡ್ಡಿ ಸೇರಿ ಅದು 11 ಕೋಟಿ ದಾಟಿತು. ವೈದ್ಯರ ಸಭೆಗಳಲ್ಲಿ ಈ 11 ಕೋಟಿಯನ್ನು ಗುಮ್ಮನಂತೆ ತೋರಿಸುವುದುಂಟು. ಅದರಲ್ಲಿ ಸುಮಾರು ಅರ್ಧ ಹದಿನೈದು ವರ್ಷದ ವಿಳಂಬದ ಬೆಲೆ ಎಂಬುದನ್ನು ಹೇಳುವವರು ಕಡಿಮೆ. ಇನ್ನೊಂದು, ಹೈದರಾಬಾದಿನ ಪ್ರಶಾಂತ್ ಧನಂಕಾ ಅವರದು. ವಿದ್ಯಾರ್ಥಿಯಾಗಿದ್ದಾಗ 1990ರ ಶಸ್ತ್ರಚಿಕಿತ್ಸೆಯ ಬಳಿಕ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಅವರು ಮುಂದೆ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು, ಗಾಲಿಕುರ್ಚಿಯಲ್ಲಿ ಕುಳಿತು ತಮ್ಮ ವಾದವನ್ನು ತಾವೇ ಮಂಡಿಸಿದರು. 1 ಕೋಟಿ ರೂಪಾಯಿಯ ತೀರ್ಪು ಬಂದುದು 2009ರಲ್ಲಿ. ಹತ್ತೊಂಬತ್ತು ವರ್ಷ! ನ್ಯೂಜಿಲೆಂಡ್ 1974ರಿಂದ, ಸ್ವೀಡನ್ 1975ರಿಂದ ತಪ್ಪು ಯಾರದೆಂಬ ಸಮರಕ್ಕಿಂತ ಗಾಯಗೊಂಡವರಿಗೆ ನಿಧಿಯಿಂದ ಬೇಗ ಪರಿಹಾರ ಕೊಡುವ ವ್ಯವಸ್ಥೆಗಳನ್ನು ನಡೆಸಿವೆ. ಭಾರತದ ಚುನಾವಣಾ ಪ್ರಣಾಳಿಕೆಗಳಲ್ಲಿ ಕಾರ್ಡಿನ ಮಿತಿ ಏರುತ್ತಲೇ ಇದೆ. ಇಂಥ ನಿಧಿಯ ಮಾತು ಕೇಳಿಬರುವುದು ವಿರಳ.

ಈಗ ಧರ್ಮಾರ್ಥ ಆಸ್ಪತ್ರೆಗಳ ವಿಷಯ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಜೈನ ಸಮಾಜ ಎಂದೂ ಕೈ ಹಿಂದೆ ಮಾಡಿಲ್ಲ. ಆದರೆ ಉಚಿತ ಸೇವೆಗೆ ಕಾನೂನಿನ ಭಯವಿಲ್ಲ ಎಂಬ ನಂಬಿಕೆ ಕೆಲವು ಟ್ರಸ್ಟಿಗಳಲ್ಲಿ ಇದೆ; ಅದು ಅಪಾಯಕರ. ಎಲ್ಲರಿಗೂ ಉಚಿತವಿದ್ದು ನೋಂದಣಿಗೆಂದು ಮಾತ್ರ ಹತ್ತು ರೂಪಾಯಿ ಪಡೆದರೆ ಗ್ರಾಹಕ ಕಾಯಿದೆ ಅನ್ವಯಿಸದು, ನಿಜ. ವಿಶೇಷ ಕೊಠಡಿಗೆ ದರ ನಿಗದಿ ಮಾಡಿ ಕೆಲವರಿಂದ ಪಡೆದ ಕ್ಷಣದಿಂದ ಸಾಮಾನ್ಯ ವಾರ್ಡಿನ ಉಚಿತ ರೋಗಿಯೂ ಕಾಯಿದೆಯ ಒಳಗೆ ಬರುತ್ತಾನೆ. ಪೂರ್ತಿ ಉಚಿತವಾದರೂ ಸಿವಿಲ್ ನ್ಯಾಯಾಲಯದ ಬಾಗಿಲು ಮುಚ್ಚುವುದಿಲ್ಲ. 2024ರ ಜನವರಿಯಲ್ಲಿ ಅಹಮದಾಬಾದ್ ಜಿಲ್ಲೆಯ ಮಾಂಡಲದಲ್ಲಿ ಟ್ರಸ್ಟೊಂದು ನಡೆಸುವ ಕಣ್ಣಿನ ಆಸ್ಪತ್ರೆಯಲ್ಲಿ ಪೊರೆ ಶಸ್ತ್ರಚಿಕಿತ್ಸೆಯ ನಂತರ ಹದಿನೇಳು ಮಂದಿಯ ದೃಷ್ಟಿಗೆ ಧಕ್ಕೆಯಾದಾಗ, ಗುಜರಾತ್ ಹೈಕೋರ್ಟ್ ಯಾರ ದೂರಿಗೂ ಕಾಯದೆ ಸ್ವಯಂಪ್ರೇರಣೆಯಿಂದ ವಿಚಾರಣೆ ಕೈಗೊಂಡಿತು. ದಾನವಾಗಿ ಕೊಟ್ಟ ಚಿಕಿತ್ಸೆಯಲ್ಲಿ ಕಣ್ಣು ಕಳೆದುಕೊಂಡ ಮುದುಕಿಗೆ, ಅದು ದಾನವಾಗಿತ್ತೆಂಬುದು ಸಮಾಧಾನವಲ್ಲ. ದಾನದ ಹಣದಲ್ಲಿ ವಿಮೆಯ ಕಂತು ಕಟ್ಟುವುದೇ ಎಂದು ಹಿರಿಯರು ಹಿಂಜರಿಯುವುದುಂಟು. ರೋಗಿಯ ರಕ್ಷಣೆಗಾಗಿ ಮಾಡುವ ಖರ್ಚು ದಾನದ ಉದ್ದೇಶದ ಒಳಗೇ ಇದೆ. ವೈದ್ಯರು ತಮ್ಮ ಹೆಸರಿನಲ್ಲಿ ಪಡೆದ ಪಾಲಿಸಿಯನ್ನೇ ನಂಬಿ ಸಂಸ್ಥೆ ತನ್ನ ಹೊಣೆಗೆ ಪ್ರತ್ಯೇಕ ವಿಮೆ ಪಡೆಯದಿರುವುದು ಬಲು ದುಬಾರಿಯಾದ ಉಳಿತಾಯ.

ಕುಟುಂಬಗಳು ಅರಿತಿರಬೇಕಾದ ಸಂಗತಿಗಳೂ ಕೆಲವಿವೆ. ಹಳೆಯ ಕಾಯಿದೆಯಲ್ಲಿ ಕೇಳಿದ ಪರಿಹಾರದ ಮೊತ್ತ ನೋಡಿ ಆಯೋಗ ನಿರ್ಧಾರವಾಗುತ್ತಿತ್ತು. ಕೋಟಿಗಳನ್ನು ಕೇಳಿದವರು ದೆಹಲಿಗೆ ಅಲೆಯಬೇಕಿತ್ತು. ಈಗ ನೋಡುವುದು ಆಸ್ಪತ್ರೆಗೆ ಕಟ್ಟಿದ ಹಣ. 50 ಲಕ್ಷದವರೆಗೆ ಕಟ್ಟಿದ್ದರೆ ಜಿಲ್ಲಾ ಆಯೋಗವೇ ಸಾಕು, 5 ಲಕ್ಷದವರೆಗೆ ದೂರಿನ ಶುಲ್ಕವಿಲ್ಲ, ದೂರುದಾರ ವಾಸಿಸುವ ಊರಿನಲ್ಲೇ ಸಲ್ಲಿಸಬಹುದು. ಸೂರತ್ತಿನಲ್ಲಿ ಚಿಕಿತ್ಸೆ ಪಡೆದು ನಿವೃತ್ತಿಯ ನಂತರ ಬೆಳಗಾವಿಗೋ ಹುಬ್ಬಳ್ಳಿಗೋ ಮರಳಿದ ಕುಟುಂಬ ಅಲ್ಲಿಂದಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಇದು ರೋಗಿಗೆ ಅನುಕೂಲ. ದೂರದ ಊರಿಗೆ ವಕೀಲರನ್ನು ಕಳುಹಿಸಬೇಕಾದ ಸಣ್ಣ ಆಸ್ಪತ್ರೆಗೆ ಹೊಸ ಖರ್ಚು. ಆದುದರಿಂದ ಸಿಟ್ಟಿಗೆ ಹೂಡುವ ದೂರು ಕೊನೆಗೆ ಇನ್ನೊಬ್ಬ ರೋಗಿಯ ಬಿಲ್ಲಿನಲ್ಲಿ ಸೇರುತ್ತದೆ. ಚಿಕಿತ್ಸೆ ಫಲಿಸದಿರುವುದು ಬೇರೆ, ನಿರ್ಲಕ್ಷ್ಯ ಬೇರೆ. ದೂರಿಗೆ ಮೊದಲು ಮತ್ತೊಬ್ಬ ತಜ್ಞರಿಗೆ ಕಡತ ತೋರಿಸುವುದು ಇಬ್ಬರಿಗೂ ನ್ಯಾಯ.

ಆ ಕಡತ ಕೈಯಲ್ಲಿರಬೇಕಷ್ಟೆ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಯ್ದಿಡಬೇಕು, ಕೇಳಿದ 72 ಗಂಟೆಗಳೊಳಗೆ ಕೊಡಬೇಕು. ಇದು ದಯೆಯಲ್ಲ, ಹಕ್ಕು. ಬರವಣಿಗೆಯಲ್ಲಿ ಕೇಳಿ ಸ್ವೀಕೃತಿ ಪಡೆಯಬೇಕು. ಒಪ್ಪಿಗೆಪತ್ರದ ವಿಷಯ ಇನ್ನೂ ಸೂಕ್ಷ್ಮ. ಚಿಕಿತ್ಸೆಯ ಸ್ವರೂಪ, ಅಪಾಯ, ಪರ್ಯಾಯಗಳನ್ನು ತಿಳಿಸಿ ಪಡೆದುದೇ ಒಪ್ಪಿಗೆ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ನಡುರಾತ್ರಿಯಲ್ಲಿ ಗುಜರಾತಿ ಲಿಪಿಯ ಅಚ್ಚಿನ ಹಾಳೆಗೆ ಕನ್ನಡದಲ್ಲಿ ಸಹಿ ಹಾಕುವ ಅಜ್ಜಿಗೆ ಏನು ತಿಳಿದಿರುತ್ತದೆ? ಗುಜರಾತಿ ಓದಬಲ್ಲ ಮಕ್ಕಳು ಅದನ್ನು ಓದಿ ಹೇಳಿ, ತಾವು ಓದಿ ಹೇಳಿದುದಾಗಿ ಅದೇ ಹಾಳೆಯ ಮೇಲೆ ಬರೆದು ಸಹಿ ಮಾಡಬೇಕು. ಮೂರೂ ನಗರಗಳ ಸಂಘಗಳು ಸಾಮಾನ್ಯ ಶಸ್ತ್ರಚಿಕಿತ್ಸೆಗಳ ಒಪ್ಪಿಗೆಪತ್ರಗಳನ್ನು ಕನ್ನಡಕ್ಕೆ ತಂದು ಸದಸ್ಯರ ಮೊಬೈಲಿನಲ್ಲಿ ಇರಿಸಿದರೆ ಖರ್ಚು ಏನೂ ಇಲ್ಲ. ಸಮಾಜದ ನೆರವಿನಿಂದ ನಡೆಯುವ ಆಸ್ಪತ್ರೆಗಳ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಮಂಡನೆಯಾದಾಗ ಕೇಳಬೇಕಾದ ಪ್ರಶ್ನೆಗಳೂ ಎರಡೇ: ಸಂಸ್ಥೆಯ ಹೆಸರಿನಲ್ಲಿ ಹೊಣೆಯ ವಿಮೆ ಇದೆಯೇ, ಮತ್ತು ಕಳೆದ ವರ್ಷ ದಾಖಲೆ ಕೇಳಿದವರಲ್ಲಿ ಎಷ್ಟು ಮಂದಿಗೆ 72 ಗಂಟೆಯೊಳಗೆ ಕೊಡಲಾಯಿತು.